ಗೋಡೆಯ ಮೇಲೆ ತಿರುಗುವ ಮಹಾಶಯರಿಗೆ ಕನ್ನಡಕದಂಗಡಿಯ ಅಕ್ಕನ ದೂರು

ಮಾನ್ಯ ಸುತ್ತುವ ಚಕ್ರ ಮಹಾಶಯರೇ,

ಕನ್ನಡಕದಂಗಡಿಯ ಅಕ್ಕ ತಲೆಬಾಗಿ ಮಾಡುವ ನಮಸ್ಕಾರಗಳು. ಪತ್ರದ ಮೊದಲಿಗೆ ‘ಇತ್ತ ನಾವೆಲ್ಲ ಕ್ಷೇಮ’ ಎಂದು ಬರೆಯುವುದು ಮರ್ಯಾದೆ ಎಂದು ನನಗೂ ಗೊತ್ತು. ಆದರೆ ಕಂಪ್ಯೂಟರ್ ಕೆಲಸ ಬಿಟ್ಟು ನಮ್ಮನ್ನು ಕಾಯಿಸಿದಾಗಲೆಲ್ಲ ಹೊತ್ತುಗೊತ್ತಿಲ್ಲದೆ ನಮ್ಮ ಅಂಗಡಿಯ ಪರದೆಯ ಮೇಲೆ ಪ್ರತ್ಯಕ್ಷರಾಗಿ, ನಮ್ಮ ಬಾಡಿದ ಮುಖಗಳನ್ನು ಎದುರಿಗೇ ನೋಡುತ್ತ ತಿರುಗುವ ತಮ್ಮಂಥವರಿಗೆ ಅಂಥ ಸುಳ್ಳು ಬರೆದು ದಕ್ಕಿಸಿಕೊಳ್ಳುವುದು ಹೇಗೆ? ತಮ್ಮ ಕ್ಷೇಮವನ್ನಂತೂ ವಿಚಾರಿಸುವ ಅಗತ್ಯವೇ ಇಲ್ಲ. ಹಸಿವಿಲ್ಲದವರು, ಬಾಯಾರಿಕೆ ಇಲ್ಲದವರು, ಯಾರು ಎಷ್ಟು ಬೈದರೂ ಮುಖ ಸಿಂಡರಿಸದವರು, ಎಷ್ಟು ಸುತ್ತಿದರೂ ತಲೆ ತಿರುಗದವರು, ತಮಗೆ ಏನಾದೀತು? ಆಗುವುದೆಲ್ಲ ತಮ್ಮನ್ನು ನೋಡುತ್ತ ಕೂತವರಿಗೆ.

ಬಹಿರಂಗ ಪತ್ರವೇ ಏಕೆ, ನೇರವಾಗಿ ಬಂದು ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಹೇಳಿದ್ದೇನೆ ಮಾನ್ಯರೇ, ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಗಿರಾಕಿಗಳ ಎದುರಿಗೆ ಆಡಬಾರದ ಮಾತುಗಳಲ್ಲೂ ಹೇಳಿದ್ದೇನೆ. ತಾವು ಕೇಳಿಸಿಕೊಂಡಂತೆ ಕಾಣಲಿಲ್ಲ. ಆದ್ದರಿಂದ ಈಗ ವಿನಯದಿಂದ ಬರೆಯುತ್ತಿದ್ದೇನೆ.

ನಮ್ಮದು ಎರಡು ಬೀದಿ ಕೂಡುವ ಮೂಲೆಯಲ್ಲಿರುವ, ಅಗಲ ಸಾಲದ, ಉದ್ದಕ್ಕೆ ಹೋಗಿರುವ ಅಂಗಡಿ. ನಮ್ಮಪ್ಪ ಕಟ್ಟಿದ್ದು. ಬಾಗಿಲ ಮೇಲೆ ಅವರೇ ತಗಡು ಕತ್ತರಿಸಿ ಬಣ್ಣ ಬಳಿದ ಒಂದು ದೊಡ್ಡ ಕನ್ನಡಕ ಈಗಲೂ ತೂಗುತ್ತಿದೆ. ಒಳಗೆ ಮೂವರಿದ್ದೇವೆ. ದೊಡ್ಡ ತಮ್ಮ ಕಣ್ಣು ಪರೀಕ್ಷೆ ಮಾಡುತ್ತಾನೆ, ಚಿಕ್ಕ ತಮ್ಮ ಗಾಜು ಉಜ್ಜಿ ಆಕಾರಕ್ಕೆ ತರುತ್ತಾನೆ, ನಾನು ಎರಡು ಗಾಜನ್ನೂ ಫ್ರೇಮಿನಲ್ಲಿ ಕೂರಿಸಿ, ಗಿರಾಕಿಯ ಕಿವಿಗೂ ಮೂಗಿಗೂ ಒಪ್ಪುವಂತೆ ಕಡ್ಡಿ ಬಗ್ಗಿಸಿ ಕೊಡುತ್ತೇನೆ. ಕಣ್ಣು ಒಬ್ಬನದು, ಗಾಜು ಒಬ್ಬನದು, ಕಿವಿ ಮೂಗು ನನ್ನದು ಎಂದು ಅಪ್ಪ ನಗುತ್ತಿದ್ದರು. ತಾವು ನಮ್ಮಲ್ಲಿಗೆ ದಯಮಾಡಿಸುವವರೆಗೆ ಈ ಏರ್ಪಾಟಿನಲ್ಲಿ ಯಾವ ತಕರಾರೂ ಇರಲಿಲ್ಲ.

ತಾವು ಒಬ್ಬರೇ ಬರಲಿಲ್ಲ, ತಮ್ಮ ವಾಹನಗಳ ಸಮೇತ ಬಂದಿರಿ. ಆಪರೇಟಿಂಗ್ ಸಿಸ್ಟಂ ಎಂದು ಕರೆಯುತ್ತಾರಂತೆ. ನನಗೆ ಆ ಹೆಸರುಗಳು ನಾಲಿಗೆಗೆ ಹೊರಳುವುದಿಲ್ಲವಾದ್ದರಿಂದ ಗುಣ ನೋಡಿ ನಾನೇ ಹೆಸರಿಟ್ಟಿದ್ದೇನೆ. ದೊಡ್ಡ ತಮ್ಮನ ಕಂಪ್ಯೂಟರಿನಲ್ಲಿರುವುದು ಸೋದರಮಾವ. ಎಲ್ಲರ ಮನೆಯಲ್ಲೂ ಇರುತ್ತಾನೆ, ಎಲ್ಲರಿಗೂ ಪರಿಚಯ, ಯಾವ ಕೆಲಸ ಹೇಳಿದರೂ ಆಗುವುದಿಲ್ಲ ಎನ್ನುವುದಿಲ್ಲ. ಆದರೆ ಹೊರಡುವ ಹೊತ್ತಿಗೆ ಸರಿಯಾಗಿ ‘ಒಂದ್ನಿಮಿಷ ಇರಿ, ಸ್ನಾನ ಮಾಡಿ ಬಂದೆ’ ಎಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಅದಕ್ಕೆ ಅಪ್ಡೇಟ್ ಎಂದು ಹೆಸರು. ಚಿಕ್ಕ ತಮ್ಮನದು ಬೀಗಿತ್ತಿ. ಏನು ಲಕ್ಷಣ, ಏನು ನಯ, ಏನು ಮೆಲುಮಾತು! ಆದರೆ ನಮ್ಮ ಮನೆಯ ಯಾವ ವಸ್ತುವೂ ಅವರಿಗೆ ಒಗ್ಗುವುದಿಲ್ಲ. ನಮ್ಮ ವೈರು ಆಗದು, ನಮ್ಮ ಪೆನ್‌ಡ್ರೈವ್ ಆಗದು, ನಮ್ಮ ಪ್ರಿಂಟರನ್ನು ಕಂಡರೆ ಗುರುತೇ ಇಲ್ಲವೆಂಬಂತೆ ಮುಖ ತಿರುಗಿಸುತ್ತಾರೆ, ಎಲ್ಲವನ್ನೂ ತವರಿನಿಂದಲೇ ತರಿಸಬೇಕು. ಮೂರನೆಯವನೊಬ್ಬ ಆಮೇಲೆ ಬಂದ, ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸಿಗ್ನಲ್ ಮಾಸ್ತರರ ಪ್ರಕರಣವನ್ನು ತಮ್ಮ ಗಮನಕ್ಕೆ ತರಬೇಕು. ಕಣ್ಣು ಪರೀಕ್ಷೆಗೆ ನಮ್ಮಲ್ಲಿ ಅಕ್ಷರದ ಪಟ ಬಳಸುವುದಿಲ್ಲ. ಓದು ಬಾರದವರೂ ಬರುತ್ತಾರೆ ಎಂದು ಅಪ್ಪನ ಕಾಲದಿಂದಲೂ ಉಂಗುರಗಳ ಪಟ. ಪ್ರತಿ ಉಂಗುರದಲ್ಲೂ ಒಂದು ಕಡೆ ಸಣ್ಣ ಬಾಯಿ ತೆರೆದಿರುತ್ತದೆ, ಅದು ಮೇಲಿದೆಯೋ ಕೆಳಗಿದೆಯೋ ಎಡಕ್ಕೋ ಬಲಕ್ಕೋ ಎಂದು ಗಿರಾಕಿ ಹೇಳಬೇಕು. ಈಗ ಆ ಪಟ ಕಂಪ್ಯೂಟರಿಗೆ ಏರಿ, ಗೋಡೆಯ ಮೇಲಿನ ಅದರ ಪರದೆಯಲ್ಲಿ ಕಾಣುತ್ತದೆ. ದೊಡ್ಡ ತಮ್ಮ ಪರದೆಗೆ ಬೆನ್ನು ಮಾಡಿ, ಗಿರಾಕಿಯ ಮುಖಕ್ಕೆ ಮುಖ ಕೊಟ್ಟು ನಿಂತು ಗಾಜು ಬದಲಿಸುತ್ತಿರುತ್ತಾನೆ. ಅಂದು ಕುರ್ಚಿಯಲ್ಲಿ ಕೂತಿದ್ದವರು ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡು ನಿವೃತ್ತರಾದ ಹಿರಿಯರು, ಕಂಡದ್ದನ್ನು ಕಂಡಂತೆ ಕೂಗಿ ಹೇಳುವುದೇ ಜೀವನವಿಡೀ ಅವರ ಕೆಲಸ. ಸೋದರಮಾವ ಯಾವುದೋ ಯೋಚನೆಗೆ ಬಿದ್ದು ನಿಂತ, ಪಟ ಮರೆಯಾಯಿತು, ಪರದೆಯ ನಟ್ಟನಡುವೆ ಒಂದೇ ಒಂದು ಉಂಗುರವಾಗಿ ತಾವು ಬಂದಿರಿ, ಒಂದು ಕಡೆ ಬಾಯಿ ತೆರೆದುಕೊಂಡು.

ಸಿಗ್ನಲ್ ಮಾಸ್ತರರು ತಮ್ಮನ್ನು ಓದತೊಡಗಿದರು. ಮೇಲೆ, ಬಲಕ್ಕೆ, ಕೆಳಗೆ, ಎಡಕ್ಕೆ, ಮೇಲೆ, ಬಲಕ್ಕೆ. ನನ್ನ ತಮ್ಮನಿಗೆ ಪಟದ ಉತ್ತರಗಳೆಲ್ಲ ಬಾಯಿಪಾಠ. ಇವರ ಉತ್ತರ ತಾಳೆಯಾಗಲಿಲ್ಲ. ಗಾಜು ಬದಲಿಸಿದ. ಉತ್ತರವೂ ಬದಲಾಯಿತು. ಇನ್ನೊಂದು ಗಾಜು ಸೇರಿಸಿದ, ಅದರ ಮೇಲೆ ಮತ್ತೊಂದು. ಮೂಗಿನ ಮೇಲೆ ಗಾಜಿನ ಗೋಪುರವನ್ನೇ ಹೊತ್ತರೂ ಹಿರಿಯರು ಎದೆಗುಂದದೆ, ಗಂಟಲು ಒಣಗುವವರೆಗೆ ದಿಕ್ಕುಗಳನ್ನು ಕೂಗುತ್ತಲೇ ಇದ್ದರು. ಈ ಭೂಮಿಯ ಮೇಲೆ ತಮ್ಮನ್ನು ಅಷ್ಟು ಶ್ರದ್ಧೆಯಿಂದ ನೋಡಿದ ಇನ್ನೊಬ್ಬ ಮನುಷ್ಯ ಇರಲಾರ. ಕೊನೆಗೆ ನನ್ನ ತಮ್ಮ ಇಂಥ ಅಪರೂಪದ ಕಣ್ಣನ್ನು ತಾನು ಕಂಡೇ ಇಲ್ಲವೆಂದು ಬೆವರೊರೆಸಿಕೊಂಡು ಒಂದು ನಂಬರು ಬರೆದುಕೊಟ್ಟ, ಚಿಕ್ಕವನು ಕಣ್ಣುಮುಚ್ಚಿ ಅದಕ್ಕೆ ತಕ್ಕ ಗಾಜು ಉಜ್ಜಿದ, ನಾನು ಕೂರಿಸಿ ಕೊಟ್ಟೆ. ಹಿರಿಯರು ಹಾಕಿಕೊಂಡು ಹೊರಗೆ ಹೋಗಿ, ದೀಪದ ಕಂಬಕ್ಕೆ ಕೈಮುಗಿದು, ವಾಪಸು ಬಂದು ಬಹಳ ಗೌರವದಿಂದ ಹೇಳಿದರು: ‘ಅಲ್ಲಮ್ಮಾ, ಮೊದಲು ಗೋಡೆ ಮೇಲಿದ್ದದ್ದು ಒಂದೇ ತಿರುಗ್ತಿತ್ತು. ಈಗ ಎಲ್ಲಾನೂ ತಿರುಗ್ತಾ ಇದೆ.’

ಈ ಮಾತಿಗೆ ನಾನು ನಕ್ಕೆ, ತಮ್ಮಂದಿರು ನಗಲಿಲ್ಲ. ಗಾಜು ಉಜ್ಜಿದ್ದು ಓರೆಯಾಗಿದೆ ಎಂದು ದೊಡ್ಡವನು, ನಿನ್ನ ಡಬ್ಬದಲ್ಲಿ ಕಣ್ಣು ಪರೀಕ್ಷೆ ಮಾಡಿದರೆ ಇನ್ನೇನಾಗುತ್ತದೆ, ನನ್ನದರಲ್ಲಿ ಹೀಗೆಲ್ಲ ಆಗುವುದೇ ಇಲ್ಲ ಎಂದು ಚಿಕ್ಕವನು. ಡಬ್ಬ ಎಂಬ ಶಬ್ದ ಬಂದದ್ದೇ ತಡ, ಮಾತಿಗೆ ಮಾತು ಬೆಳೆಯಿತು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆ ಹೊಲ ಮನೆ ಇರುವವರಿಗೆ ಮಾತ್ರ ಎಂದುಕೊಂಡಿದ್ದೆ. ಹೊಲಕ್ಕಾಗಿ ಬೇರೆಯಾದವರನ್ನು ನೋಡಿದ್ದೇನೆ, ಹೆಂಡತಿಯರ ಮಾತು ಕೇಳಿ ಬೇರೆಯಾದವರನ್ನೂ ನೋಡಿದ್ದೇನೆ. ನನ್ನ ತಮ್ಮಂದಿರ ಹೆಂಡತಿಯರಂತೂ ಇಂದಿಗೂ ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಳ್ಳುತ್ತಾರೆ. ಆದರೆ ದಿನಬಳಕೆಗೆ ಯಾವ ಆಪರೇಟಿಂಗ್ ಸಿಸ್ಟಂ ಉತ್ತಮ ಎಂಬ ಪ್ರಶ್ನೆಗೆ ಒಡೆದ ಮೊದಲ ಮನೆತನವೆಂಬ ಕೀರ್ತಿ ತಮ್ಮ ಕೃಪೆಯಿಂದ ನಮ್ಮದಾಯಿತು.

ಮರುದಿನವೇ ದೊಡ್ಡವನು ಅಂಗಡಿಯ ಉದ್ದಕ್ಕೂ ನೆಲದ ಮೇಲೆ ಹಳದಿ ಟೇಪು ಅಂಟಿಸಿದ. ಅತ್ತ ಸೋದರಮಾವ, ಇತ್ತ ಬೀಗಿತ್ತಿ. ಇಬ್ಬರಿಗೂ ಎರಡೂ ಕೆಲಸ ಬರುವುದರಿಂದ ಇಬ್ಬರೂ ಕಣ್ಣು ನೋಡುವುದು, ಇಬ್ಬರೂ ಗಾಜು ಉಜ್ಜುವುದು ಎಂದಾಯಿತು. ಗಿರಾಕಿಗಳ ಪಾಲು ಮಾತ್ರ ಬಗೆಹರಿಯಲಿಲ್ಲ. ಬಾಗಿಲು ಒಂದೇ, ಬರುವವರು ನಡುವೆಯೇ ಬರುತ್ತಾರೆ. ಹಾಗಾಗಿ ಪ್ರತಿ ಗಿರಾಕಿಯ ಬಲಗಣ್ಣು ದೊಡ್ಡವನಿಗೆ, ಎಡಗಣ್ಣು ಚಿಕ್ಕವನಿಗೆ ಎಂದು ತೀರ್ಮಾನವಾಯಿತು. ನಗಬೇಡಿ ಮಾನ್ಯರೇ, ನಾನೂ ಆಗ ನಗುವುದನ್ನು ಬಿಟ್ಟಿದ್ದೆ. ಗಿರಾಕಿಯನ್ನು ಚಕ್ರದ ಕುರ್ಚಿಯಲ್ಲಿ ಕೂರಿಸಿ, ಬಲಗಣ್ಣು ಮುಗಿದ ಮೇಲೆ ಟೇಪು ದಾಟಿಸಿ ಆ ಕಡೆಗೆ ತಳ್ಳುವುದು ನನ್ನ ಹೊಸ ಕೆಲಸ. ಇವನು ಬರೆದ ನಂಬರು ಅವನ ಯಂತ್ರದಲ್ಲಿ ತೆರೆದರೆ ಬರೀ ಚೌಕ ಚೌಕವಾಗಿ ಕಾಣುತ್ತದೆ. ಒಬ್ಬನ ಕಣ್ಣು ಏನು ಹೇಳಿತೆಂದು ಇನ್ನೊಬ್ಬನಿಗೆ ಗೊತ್ತಿಲ್ಲ, ಕೇಳೋಣವೆಂದರೆ ಇಬ್ಬರೂ ಮಾತು ಬಿಟ್ಟಿದ್ದಾರೆ. ಎರಡು ಕಡೆಯ ಗಾಜು ಬಂದು ಸೇರುವುದು ನಡುವೆ ಟೇಪಿನ ಮೇಲೆಯೇ ನಿಂತಿರುವ ನನ್ನ ಟೇಬಲ್ಲಿಗೆ.

ಇದರಿಂದ ಲೋಕಕ್ಕೆ ಉಪಕಾರವಾಗಲಿಲ್ಲ ಎಂದು ಹೇಳಲಾರೆ. ಹೈಸ್ಕೂಲಿನ ಟೀಚರೊಬ್ಬರಿಗೆ ಬಲಗಣ್ಣಿಗೆ ದೂರದ ಗಾಜೂ ಎಡಗಣ್ಣಿಗೆ ಓದುವ ಗಾಜೂ ಹೋಗಿ, ಅವರೀಗ ಒಂದು ಕಣ್ಣಿನಲ್ಲಿ ಮಕ್ಕಳನ್ನು ಕಾಯುತ್ತ ಇನ್ನೊಂದರಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದಾರೆ. ಶಾಲೆಯಲ್ಲಿ ಕಾಪಿ ಹೊಡೆಯುವುದು ನಿಂತೇಹೋಗಿದೆಯಂತೆ. ಕಸಾಯಿಖಾನೆಯ ತೂಕದವನೊಬ್ಬ ಮಾತ್ರ ಎಲ್ಲ ತಕ್ಕಡಿಯೂ ಒಂದೇ ಕಡೆಗೆ ವಾಲಿ ಕಾಣುತ್ತಿದೆಯೆಂದು ಬಂದು ಕೂಗಾಡಿ ಹೋದ. ಇಂಥ ಎಲ್ಲ ಪವಾಡಗಳ ಶ್ರೇಯಸ್ಸನ್ನೂ ತಮ್ಮ ಪಾದಕ್ಕೆ, ಪಾದವಿದ್ದರೆ, ಅರ್ಪಿಸುತ್ತೇನೆ.

ನಡುವೆ ದೊಡ್ಡ ತಮ್ಮನ ಮಗಳು, ಕಾಲೇಜಿಗೆ ಹೋಗುವವಳು, ಅಪ್ಪನನ್ನೂ ಚಿಕ್ಕಪ್ಪನನ್ನೂ ಒಂದು ಮಾಡುತ್ತೇನೆಂದು ಟೊಂಕ ಕಟ್ಟಿದಳು. ಅವಳು ಕರೆತಂದವನೇ ಆ ಮೂರನೆಯವನು. ಬಿಟ್ಟಿ ಸಿಗುತ್ತಾನಂತೆ. ಅವನಿಗೆ ನಾನು ದೂರದ ನೆಂಟ ಎಂದು ಹೆಸರಿಟ್ಟೆ. ಒಂದು ರೂಪಾಯಿ ಕೇಳುವುದಿಲ್ಲ, ಹಳೆಯ ಚಾಪೆ ಹಾಸಿದರೂ ಮಲಗುತ್ತಾನೆ, ಮೈಮುರಿದು ದುಡಿಯುತ್ತಾನೆ. ಆದರೆ ಗೋಡೆಗೆ ಒಂದು ಮೊಳೆ ಹೊಡೆಯಪ್ಪ ಎಂದರೆ ಸುತ್ತಿಗೆ ಎಲ್ಲಿದೆ, ಮೊಳೆ ಯಾವ ಜಾತಿಯದು, ಗೋಡೆ ಎಂದರೆ ಏನು, ನೀವು ಹೊಡೆಸಲು ಯಾರು ಎಂದು ಒಂದೊಂದಾಗಿ ಕೇಳಿ, ಎಲ್ಲಕ್ಕೂ ನಾವೇ ಬರೆದು ಉತ್ತರ ಕೊಡಬೇಕು. ಹುಡುಗಿ ಮೂರನ್ನೂ ಸಾಲಾಗಿ ನನ್ನ ಟೇಬಲ್ಲಿನ ಮೇಲಿಟ್ಟು ದಿನಬಳಕೆಯ ಪರೀಕ್ಷೆ ಏರ್ಪಡಿಸಿದಳು. ಉಂಗುರದ ಪಟ ತೆರೆಯಬೇಕು, ಗಿರಾಕಿಯ ನಂಬರು ಕನ್ನಡದಲ್ಲಿ ಬರೆಯಬೇಕು, ಅದನ್ನು ಅಚ್ಚು ಹಾಕಬೇಕು. ದಿನಬಳಕೆ ಎಂದರೆ ನಮಗೆ ಇಷ್ಟೇ.

ಸೋದರಮಾವ ಪಟ ತೆರೆದ, ನಂಬರು ಬರೆದ, ಅಚ್ಚು ಹಾಕು ಎಂದ ಕೂಡಲೇ ಟವೆಲು ಹೆಗಲಿಗೇರಿಸಿ ಬಚ್ಚಲಿಗೆ ನಡೆದ. ಬೀಗಿತ್ತಿ ಎಲ್ಲವನ್ನೂ ಮುತ್ತು ಪೋಣಿಸಿದಂತೆ ಮಾಡಿ, ಅಚ್ಚನ್ನೂ ಹಾಕಿದರು. ಆದರೆ ನಮ್ಮ ಪ್ರಿಂಟರು ಸುಮ್ಮನೆ ಇತ್ತು. ಸ್ವಲ್ಪ ಹೊತ್ತಿಗೆ ಪಕ್ಕದ ಹಲ್ಲಿನ ಡಾಕ್ಟರು ನಮ್ಮ ಗಿರಾಕಿಯ ಕಣ್ಣಿನ ಚೀಟಿ ಹಿಡಿದುಕೊಂಡು, ‘ಇದು ಯಾವ ಹಲ್ಲಮ್ಮಾ, ನನ್ನ ಮೆಷಿನ್ನಲ್ಲಿ ತಾನೇ ತಾನಾಗಿ ಬಂತು’ ಎಂದು ಕೇಳುತ್ತ ಬಂದರು. ದೂರದ ನೆಂಟನ ಪ್ರಶ್ನೋತ್ತರ ಬಹಳ ಹೊತ್ತು ನಡೆದು ಕೊನೆಗೆ ಅಚ್ಚುಕಟ್ಟಾಗಿ ನಮ್ಮ ಪ್ರಿಂಟರಿನಲ್ಲೇ ಚೀಟಿ ಬಂತು, ಹುಡುಗಿ ಕುಣಿದಳು, ಅವಳು ಕಾಲೇಜಿಗೆ ಹೋದ ಮೇಲೆ ಅವನು ಯಾರಿಗೂ ಉತ್ತರ ಕೊಡದೆ ಮಲಗಿಬಿಟ್ಟ. ಯಾರು ಮೇಲು ಎಂಬುದು ತೀರ್ಮಾನವಾಗಲಿಲ್ಲ. ಆದರೆ ಮೂರರಲ್ಲೂ ನಾನು ಕಂಡದ್ದು ಒಂದೇ. ಒಂದರಲ್ಲಿ ಬಾಯಿ ತೆರೆದ ಉಂಗುರವಾಗಿ, ಒಂದರಲ್ಲಿ ಚುಕ್ಕೆಗಳ ಹಾರವಾಗಿ, ಇನ್ನೊಂದರಲ್ಲಿ ಬಳೆಯಾಗಿ, ವೇಷ ಬದಲಿಸಿಕೊಂಡು ಬಂದಿದ್ದವರು ತಾವೇ. ನನ್ನ ತಮ್ಮಂದಿರು ವಾಹನಗಳಿಗಾಗಿ ಹೊಡೆದಾಡುತ್ತಿದ್ದಾರೆ, ಸವಾರರು ಮಾತ್ರ ಒಬ್ಬರೇ ಎಂದು ನನಗೆ ಅಂದೇ ತಿಳಿಯಿತು. ಹೇಳಿದರೆ ಕೇಳುವವರು ಯಾರು?

ಟೇಪು ಸಾಲದು, ಮರದ ಗೋಡೆಯೇ ಬೇಕು ಎಂಬ ವಿಷಯದಲ್ಲಿ ಮಾತ್ರ, ನನ್ನ ಬಾಯಿಂದಲೇ ಹೇಳಿಕಳಿಸಿ, ಇಬ್ಬರಿಗೂ ಒಮ್ಮತ ಬಂತು. ಬಾಗಿಲ ಮೇಲಿನ ತಗಡಿನ ಕನ್ನಡಕವನ್ನು ಮೂಗಿನ ಹತ್ತಿರ ಕೊಯ್ದು ಒಬ್ಬೊಬ್ಬರಿಗೆ ಒಂದೊಂದು ಗಾಜು ಎಂದೂ ಮಾತಾಯಿತು. ನಿನ್ನೆ ಬಡಗಿ ಬಂದ. ಅಳತೆಯ ಟೇಪನ್ನು ಕೈಯುದ್ದ ದೂರ ಹಿಡಿದು, ಕತ್ತು ಹಿಂದಕ್ಕೆ ಬಾಗಿಸಿ ಓದಿಕೊಳ್ಳುತ್ತ ಅಂಗಡಿಯ ತುದಿಯಿಂದ ಬಂದವನು ನನ್ನ ಟೇಬಲ್ಲಿಗೆ ಬಂದು ನಿಂತುಕೊಂಡ. ‘ಅಮ್ಮಾ, ಈ ಟೇಬಲ್ಲು ಗೋಡೆಗೆ ಅಡ್ಡ ಬರುತ್ತೆ. ಯಾವ ಕಡೆಗೆ ಹಾಕೋದು?’ ಎಂದು ಕೇಳಿದ. ನಾನು ದೊಡ್ಡವನನ್ನು ನೋಡಿದೆ, ಅವನು ಪರದೆ ನೋಡಿದ. ಚಿಕ್ಕವನನ್ನು ನೋಡಿದೆ, ಅವನೂ ಪರದೆ ನೋಡಿದ. ನಾಳೆ ಹಲಗೆ ತರುತ್ತೇನೆ, ಅಷ್ಟರಲ್ಲಿ ಹೇಳಿ ಎಂದು ಬಡಗಿ ಹೋದ. ಮಾನ್ಯರೇ, ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ: ಅಮ್ಮ ಹೋದಾಗ ಒಬ್ಬನಿಗೆ ಹಾಲುಹಲ್ಲು ಬಿದ್ದಿರಲಿಲ್ಲ, ಇನ್ನೊಬ್ಬ ತೊಟ್ಟಿಲಲ್ಲಿದ್ದ, ಇಬ್ಬರನ್ನೂ ಸೊಂಟದ ಎರಡು ಕಡೆ ಹೊತ್ತು ಬೆಳೆಸಿದವಳು ನಾನು. ನನಗೆ ಎರಡು ಕಡೆಯೂ ಬೇಕು.

ಇಂದು ಬೆಳಿಗ್ಗೆ ಬಾಗಿಲು ತೆಗೆದು ಇಬ್ಬರೂ ತಮ್ಮ ತಮ್ಮ ಯಂತ್ರದ ಗುಂಡಿ ಒತ್ತಿದರು. ಸೋದರಮಾವ ನೇರವಾಗಿ ಬಚ್ಚಲಿಗೆ ಹೋದ. ಎಂದೂ ಹಾಗೆಲ್ಲ ಮಾಡದ ಬೀಗಿತ್ತಿಯೂ ಅದೇ ಹೊತ್ತಿಗೆ ಬಹಳ ನಯವಾಗಿ, ಈಗ ಬಂದೆ ಎಂದು ಒಳಗೆ ಹೋದರು. ಎರಡು ಪರದೆಗಳಲ್ಲೂ ತಾವು. ಒಂದೇ ಅಂಗಡಿಯಲ್ಲಿ, ಒಂದೇ ಗಳಿಗೆಯಲ್ಲಿ, ಟೇಪಿನ ಎರಡೂ ಕಡೆ!

ಮೊದಲು ಇಬ್ಬರೂ ತಮ್ಮನ್ನೇ ನೋಡುತ್ತ ಕೂತರು. ಆಮೇಲೆ ಇಬ್ಬರೂ ಕಳ್ಳಗಣ್ಣಿನಲ್ಲಿ ಪಕ್ಕದವನ ಪರದೆ ನೋಡಿದರು. ಗಿರಾಕಿಗಳಿಲ್ಲ, ಮಾಡಲು ಕೆಲಸವಿಲ್ಲ. ಕೈಗೆ ಕೆಲಸವಿದ್ದದ್ದು ನನ್ನ ಟೇಬಲ್ಲಿನ ಮೇಲೆ ಮಾತ್ರ, ಸ್ಕ್ರೂ ಸಡಿಲಾದ ಹಳೆಯ ಫ್ರೇಮುಗಳ ತಟ್ಟೆ. ಕನ್ನಡಕದ ಸ್ಕ್ರೂ ತಮಗೆ ಗೊತ್ತಿರಲಿಕ್ಕಿಲ್ಲ, ಇರುವೆಯ ತಲೆಗಿಂತ ಸಣ್ಣದು. ಒಬ್ಬ ಕಡ್ಡಿಯನ್ನು ಅಲುಗದಂತೆ ಹಿಡಿಯಬೇಕು, ಇನ್ನೊಬ್ಬ ತಿರುಗಿಸಬೇಕು ಎಂದು ಅಪ್ಪ ಇಬ್ಬರಿಗೂ ಇದೇ ಟೇಬಲ್ಲಿನ ಮುಂದೆ ಕಲಿಸಿದ್ದರು. ದೊಡ್ಡವನು ಸುಮ್ಮನೆ ಬಂದು ಒಂದು ಫ್ರೇಮು ಎತ್ತಿ ಹಿಡಿದ. ಚಿಕ್ಕವನು ಕೂತಲ್ಲೇ ಸ್ವಲ್ಪ ಹೊತ್ತು ಮಿಸುಕಾಡಿದ, ಎದ್ದ, ಸ್ಕ್ರೂಡ್ರೈವರು ಕೈಗೆತ್ತಿಕೊಂಡ. ಒಂದು ಮುಗಿಯಿತು, ಇನ್ನೊಂದು ಮುಗಿಯಿತು. ಮೂರನೆಯದರಲ್ಲಿ ಸ್ಕ್ರೂ ಹಾರಿ ನೆಲಕ್ಕೆ ಬಿತ್ತು. ‘ಅಲುಗಬೇಡ ಅಂತ ಅಪ್ಪ ಹೇಳಿರ್ಲಿಲ್ವಾ’ ಎಂದ ಚಿಕ್ಕವನು. ‘ನೀನು ನೆಟ್ಟಗೆ ತಿರುಗಿಸಿದ್ರೆ ತಾನೇ’ ಎಂದ ದೊಡ್ಡವನು. ಎಷ್ಟೋ ದಿನಗಳ ಮೇಲೆ ಅವರಿಬ್ಬರು ಆಡಿದ ಮೊದಲ ಮಾತು ಅದು. ಇಬ್ಬರೂ ಅಂಬೆಗಾಲಿಕ್ಕಿ ನೆಲ ತಡವುತ್ತ ಹುಡುಕಿದರು, ಹಳದಿ ಟೇಪು ಮೊಣಕಾಲಿಗೆ ಸಿಕ್ಕಿ ಕಿತ್ತುಬಂತು, ಟೇಬಲ್ಲಿನ ಕೆಳಗೆ ತಲೆಗೆ ತಲೆ ಡಿಕ್ಕಿ ಹೊಡೆಯಿತು, ದೊಡ್ಡವನು ಹಣೆ ಉಜ್ಜಿಕೊಳ್ಳುತ್ತ ನಕ್ಕುಬಿಟ್ಟ, ಚಿಕ್ಕವನೂ ನಕ್ಕ. ನನಗೆ ಅಳು ತಡೆಯಲಾಗಲಿಲ್ಲ. ನಾನೂ ಸ್ಕ್ರೂ ಹುಡುಕುವವಳಂತೆ ನೆಲಕ್ಕೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ದೊಡ್ಡವನು ಬಾಯಿ ತೆರೆದ. ಏನನ್ನೋ ಹೇಳುವುದಕ್ಕೆ, ತಮ್ಮನಿಗೆ ಹೇಳುವುದಕ್ಕೇ ತೆರೆದ, ನಾನು ನೋಡಿದ್ದೇನೆ.

ಆಗ ತಾವು ನಿಂತುಬಿಟ್ಟಿರಿ. ಎರಡು ಪರದೆಗಳೂ ಒಟ್ಟಿಗೇ ಬೆಳಗಿ, ಸುಸ್ವಾಗತ ಎಂದವು. ಇಬ್ಬರೂ ಎದ್ದು, ಮಂಡಿಯ ಧೂಳು ಕೊಡವಿಕೊಂಡು, ತಮ್ಮ ತಮ್ಮ ಕುರ್ಚಿಗೆ ಹೋಗಿ ಕೂತರು.

ಆದ್ದರಿಂದ ಮಾನ್ಯರೇ, ನನ್ನ ದೂರು ತಾವು ಬಂದದ್ದಕ್ಕಲ್ಲ, ಹೋದದ್ದಕ್ಕೆ. ಸಿಗ್ನಲ್ ಮಾಸ್ತರರ ಗಂಟಲು ಒಣಗುವವರೆಗೆ ತಿರುಗಿದಿರಿ, ಯಾರೂ ಕೇಳಿಕೊಂಡಿರಲಿಲ್ಲ. ಇವತ್ತು ಇನ್ನು ನಾಲ್ಕು ಸುತ್ತು ತಿರುಗಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು? ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಪ್ರತಿದಿನ ಅಂಗಡಿ ತೆಗೆದ ಕೂಡಲೇ ಎರಡು ಯಂತ್ರಗಳ ಮೇಲೂ ಏಕಕಾಲಕ್ಕೆ ಅವತರಿಸಿ, ತಟ್ಟೆಯ ಫ್ರೇಮುಗಳೆಲ್ಲ ಮುಗಿಯುವವರೆಗೆ ಅಲ್ಲಾಡಬಾರದು. ದೊಡ್ಡವನು ಬಾಯಿ ತೆರೆದಿದ್ದರೆ, ಅವನ ಮಾತು ಮುಗಿದು, ಚಿಕ್ಕವನು ಉತ್ತರ ಕೊಟ್ಟು, ಆ ಉತ್ತರಕ್ಕೆ ಇವನು ಸಿಟ್ಟಾಗಿ, ಆ ಸಿಟ್ಟು ಇಳಿಯುವವರೆಗೂ ತಿರುಗುತ್ತಿರಬೇಕು. ಸಾಧ್ಯವಾದರೆ ನಮ್ಮ ಮನೆಗೇ ಹಿರಿಯರಾಗಿ ಬಂದುಬಿಡಿ. ಅಪ್ಪ ಹೋದ ಮೇಲೆ ಇಬ್ಬರನ್ನೂ ಒಟ್ಟಿಗೆ ಸುಮ್ಮನೆ ಕೂರಿಸಿದವರು ತಾವೊಬ್ಬರೇ. ದಿನಬಳಕೆಗೆ ಯಾವ ಸಿಸ್ಟಂ ಉತ್ತಮ ಎಂದು ಯಾರಾದರೂ ನನ್ನನ್ನು ಕೇಳಿದರೆ, ಎರಡೂ ಬಚ್ಚಲಲ್ಲಿ ಇರುವಂಥದ್ದು ಎಂದು ಹೇಳುತ್ತೇನೆ.

ಬಡಗಿ ಊಟ ಮುಗಿಸಿ ಹಲಗೆಯೊಂದಿಗೆ ಬರುವ ಹೊತ್ತಾಯಿತು. ಹೆಚ್ಚು ಬರೆಯಲಾರೆ.

ತಮ್ಮ ದಾರಿಯನ್ನೇ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಇನ್ನೂ ನಡುವೆಯೇ ಇರುವ ಟೇಬಲ್ಲಿನ ಅಕ್ಕ

ಮರೆತ ಮಾತು: ಬಡಗಿ ಬಂದ. ತಾವು ಬರಲಿಲ್ಲ. ಅವನು ಅಳತೆಯ ಟೇಪನ್ನು ಮತ್ತೆ ಕೈಯುದ್ದ ದೂರ ಹಿಡಿದದ್ದನ್ನು ನೋಡಿ, ‘ಮೊದಲು ಕಣ್ಣು ತೋರಿಸ್ಕೊಳ್ಳಪ್ಪಾ, ಆಮೇಲೆ ಗೋಡೆ’ ಎಂದು ಚಕ್ರದ ಕುರ್ಚಿಯಲ್ಲಿ ಕೂರಿಸಿದ್ದೇನೆ. ಬಲಗಣ್ಣು ಮುಗಿದಿದೆ, ಈಗ ಎಡಗಣ್ಣು ನಡೆಯುತ್ತಿದೆ. ಕನ್ನಡಕ ಕೈಗೆ ಬರುವವರೆಗೆ ಗರಗಸ ಮುಟ್ಟುವುದಿಲ್ಲ ಎಂದು ಅವನೇ ಒಪ್ಪಿಕೊಂಡಿದ್ದಾನೆ. ಆ ಎರಡು ಗಾಜನ್ನು ಒಂದೇ ಫ್ರೇಮಿನಲ್ಲಿ ಕೂರಿಸಬೇಕಾದವಳು ನಾನು. ಜನರನ್ನು ಕಾಯಿಸುವ ವಿದ್ಯೆ ತಮ್ಮೊಬ್ಬರಿಗೇ ಬರುತ್ತದೆಂದು ತಿಳಿದುಕೊಳ್ಳಬೇಡಿ.